ಅಜ್ಜಿಯ ಕೊರಳಿನ ಬೆಳ್ಳಿ ರೂಪಾಯಿ

ಮಹಾಯುದ್ಧ ನಡೆಯುತ್ತಿದ್ದ ಕಾಲ. ನಾನಾಗ ಮಳವಳ್ಳಿಯ ಶಾಲೆಯಲ್ಲಿ ಮೇಷ್ಟರಾಗಿದ್ದೆ. ಹಳೆಯ ಬೆಳ್ಳಿ ನಾಣ್ಯಗಳನ್ನು ಕೂಡಿಡುವ ಹುಚ್ಚು ನನಗೆ. ಅದರಲ್ಲೂ ಮೊಘಲರದು, ಶ್ರೀರಂಗಪಟ್ಟಣದ ಸುಲ್ತಾನರದು ಎಂದರೆ ಪ್ರಾಣ. ಅವುಗಳ ಮೇಲಿನ ಪಾರ್ಸಿ ಲಿಪಿ ಓದಲು ಬರುತ್ತಿರಲಿಲ್ಲ, ಅಂಕಿಗಳನ್ನಷ್ಟೇ ಕಲಿತಿದ್ದೆ. ಅಷ್ಟಕ್ಕೇ ಹೆಂಡತಿಯ ತವರಾದ ಹಲಗೂರಿನಲ್ಲಿ ನಾನು ದೊಡ್ಡ ಪಂಡಿತ.

ಅಲ್ಲಿ ನನ್ನ ಹೆಂಡತಿಯ ಅಜ್ಜಿ ಬೆಳ್ಳಿ ರೂಪಾಯಿಯೊಂದನ್ನು ಕರಿದಾರಕ್ಕೆ ಪೋಣಿಸಿ ಕೊರಳಲ್ಲಿ ಹಾಕಿಕೊಂಡಿದ್ದರು. ಮದುವೆಯಲ್ಲಿ ಅವರ ತಾಯಿ ಕೊಟ್ಟದ್ದು. ಸುಲ್ತಾನರ ಕಾಲದ್ದೆಂದು ಅಜ್ಜಿ ಹೇಳಿದರೆ, ಯಾವನೋ ಬಳೆಗಾರ ಕೊಟ್ಟ ಸುಳ್ಳು ಬಿಲ್ಲೆ ಎಂದು ಮನೆಯ ಸೊಸೆಯರು ನಗುತ್ತಿದ್ದರು. ಆ ವರ್ಷ ಯುಗಾದಿಗೆ ಹೋದಾಗ, ಹಾಸಿಗೆ ಹಿಡಿದಿದ್ದ ಅಜ್ಜಿ ದಾರ ಬಿಚ್ಚಿಸಿ ಅದನ್ನು ನನ್ನ ಕೈಗಿಟ್ಟರು.

“ದಿಟದ್ದೋ ಸುಳ್ಳೋ ನೋಡೇಳಿ ಅಳಿಯಂದ್ರೆ. ನಮ್ಮವ್ವ ಸುಳ್ ಏಳೋಳಲ್ಲ.”

ಬೆಳಕಿಗೆ ಹಿಡಿದು ಇಸವಿ ನೋಡಿದೆ. ಆರು, ಒಂದು, ಎರಡು, ಒಂದು. ಆರು ಸಾವಿರ ದಾಟಿದ ಇಸವಿ! ಪಾರ್ಸಿ ಬಾರದವನಾರೋ ಅಂದಾಜಿನಲ್ಲಿ ಅಂಕಿ ಕೊರೆದಿದ್ದಾನೆ ಎಂದುಕೊಂಡೆ. ಅಜ್ಜಿಯ ಮುಖ ನೋಡಿ ಅದನ್ನು ಹೇಳಲು ಬಾಯಿ ಬರಲಿಲ್ಲ. ಚೆನ್ನಾಗಿ ಬಲ್ಲವರಿಂದ ಓದಿಸಿಕೊಂಡು ಬರುತ್ತೇನೆಂದು ನಾಣ್ಯವನ್ನು ಇಸಿದುಕೊಂಡು ಹೊರಟೆ.

ಮಂಡ್ಯದಲ್ಲಿ ನನ್ನ ಗೆಳೆಯರೊಬ್ಬರು ಉರ್ದು ಮೇಷ್ಟರಾಗಿದ್ದರು. ಬಸ್ಸಿನಲ್ಲಿ ಅವರ ಮನೆಗೆ ಹೋಗುವಾಗ ದಾರಿಯುದ್ದಕ್ಕೂ ಅಜ್ಜಿಗೆ ಏನು ಹೇಳುವುದೆಂಬ ಚಿಂತೆಯೇ. ಗೆಳೆಯರು ನಾಣ್ಯವನ್ನು ತಿರುಗಿಸಿ ತಿರುಗಿಸಿ ನೋಡಿ, ಶ್ರೀರಂಗಪಟ್ಟಣದ ಟಂಕಸಾಲೆಯ ಹೆಸರಿದ್ದ ಕಡೆ ಬೆರಳಿಟ್ಟು ಓದಿದರು. ಹಾಗಾದರೆ ಇಸವಿ ಯಾಕೆ ಹೀಗಿದೆ ಎಂದು ಕೇಳಿದೆ.

“ಬಲಗಡೆಯಿಂದ ಓದಿ ಮೇಷ್ಟ್ರೆ,” ಎಂದು ನಕ್ಕರು. “ಸುಲ್ತಾನರು ತಮ್ಮದೇ ಶಕೆ ಶುರುಮಾಡಿದ ಮೇಲೆ ಅಂಕೀನೂ ಅಕ್ಷರದ ಹಾಗೇ ಬಲದಿಂದ ಎಡಕ್ಕೆ ಹಾಕಿಸಿದರು. ಇದು ಆ ಶಕೆಯ ಸಾವಿರದ ಇನ್ನೂರ ಹದಿನಾರು, ಇಂಗ್ಲಿಷ್ ಲೆಕ್ಕದಲ್ಲಿ ಸಾವಿರದ ಏಳುನೂರ ಎಂಬತ್ತೆಂಟರ ಸುಮಾರು.”

ನನ್ನಲ್ಲಿದ್ದ ಸುಲ್ತಾನರ ನಾಣ್ಯಗಳೆಲ್ಲ ಆ ಶಕೆಗೆ ಮುಂಚಿನವು. ನನಗೆ ಆದ ಸಮಾಧಾನ ಅಷ್ಟಿಷ್ಟಲ್ಲ. ಅವರು ಕೊಟ್ಟ ಚಹಾ ಕುಡಿಯುವುದನ್ನೂ ಮರೆತು, ಆ ನಾಲ್ಕು ಅಂಕಿಗಳನ್ನೇ ಮತ್ತೆ ಮತ್ತೆ ಓದುತ್ತ ಕುಳಿತಿದ್ದೆ.

ಮುಂದಿನ ಭಾನುವಾರವೇ ಹಲಗೂರಿಗೆ ಹೋಗಿ, ಎಲ್ಲರೂ ಕೇಳುವಂತೆ ಇದು ಪಟ್ಟಣದ ಸುಲ್ತಾನರದ್ದೇ ಎಂದೆ. ಅಜ್ಜಿ “ಅಂಗಾರೆ ಸರಿ ಬುಡಿ,” ಎಂದು ನಾಣ್ಯವನ್ನು ಕಣ್ಣಿಗೊತ್ತಿಕೊಂಡರು. ಎಲ್ಲರಿಗಿಂತ ಹೆಚ್ಚು ನಗುತ್ತಿದ್ದ ಹಿರಿಯ ಸೊಸೆಯೇ ಹೊಸ ದಾರ ತಂದು ಅವರ ಕೊರಳಿಗೆ ಕಟ್ಟಿದರು.

ಅಂಥ ರೂಪಾಯಿ ನನ್ನ ಸಂಗ್ರಹದಲ್ಲಿ ಇರಲಿಲ್ಲ. ಕೇಳಬೇಕೆಂದು ಅನ್ನಿಸಲೂ ಇಲ್ಲ. ಯುಗಾದಿಯ ದಿನ ಅಲ್ಲಿ ಊಟ ಸೇರದಿದ್ದವನು, ಅಂದು ಅವರ ಮನೆಯ ಅವರೆಕಾಳು ಸಾರಿನಲ್ಲಿ ಮುದ್ದೆಯನ್ನು ಮತ್ತೆ ಹಾಕಿಸಿಕೊಂಡು ಉಂಡೆ.