ರೊಟ್ಟಿಗೊಂದು ಇಂಗ್ಲಿಷ್ ವಾಕ್ಯ

ಮೊನ್ನೆ ನಮ್ಮ ಹಿರಿಯ ಮೊಮ್ಮಗಳು ಸರ್ಕಾರಿ ನೌಕರಿಯ ಪರೀಕ್ಷೆಗೆಂದು ಅಂಗಳದಲ್ಲಿ ಅಡ್ಡಾಡುತ್ತ ಇಂಗ್ಲಿಷ್ ಬಾಯಿಪಾಠ ಮಾಡುತ್ತಿದ್ದಳು. ಒಂದು ಕಡೆ ತಪ್ಪಿದಳು. ತೊಗರಿಕಾಯಿ ಸುಲಿಯುತ್ತ ಕೂತಿದ್ದ ನಾನು ತಲೆ ಎತ್ತದೆ, "ಶೀ ಕ್ಯಾರಿ ಅಲ್ಲ, ಶೀ ಕ್ಯಾರೀಸ್" ಎಂದುಬಿಟ್ಟೆ. ಅವಳು ನಿಂತಲ್ಲೇ ನಿಂತಳು. ನಾಲ್ಕನೆಯ ತರಗತಿಗೇ ಶಾಲೆ ಬಿಟ್ಟ ಅಜ್ಜಿಗೆ ಇದೆಲ್ಲ ಹೇಗೆ ಗೊತ್ತು ಎಂದು ನೀವೆಲ್ಲ ಸುತ್ತುಗಟ್ಟಿದಿರಿ. ಎದುರಿಗೆ ಕೂತು ಹೇಳಲು ನನಗೆ ನಾಚಿಕೆ. ಬರೆದರೆ ನಿಮ್ಮ ಮುಖ ನೋಡುವ ತಾಪತ್ರಯವಿಲ್ಲ.

ನಾನು ಬೇವೂರಿನಿಂದ ಯಲಬುರ್ಗಕ್ಕೆ ಸೊಸೆಯಾಗಿ ಬಂದಾಗ ನಿಮ್ಮ ಅಜ್ಜ ಕಚೇರಿಯಲ್ಲಿ ಕಾಗದಗಳ ನಕಲು ತೆಗೆಯುತ್ತಿದ್ದರು. ಕೆಲಸ ಕಾಯಂ ಆಗಿರಲಿಲ್ಲ. ಅವರು ಓದಿದ್ದೆಲ್ಲ ಉರ್ದುವಿನಲ್ಲಿ. ಅವರ ಉರ್ದು ಅಕ್ಷರ ನೋಡಿ ಕಚೇರಿಯ ದೊಡ್ಡ ಗುಮಾಸ್ತರಾದ ಪೇಶಕಾರರು ತಮ್ಮ ಮನೆಯ ಲಗ್ನಪತ್ರಿಕೆಯನ್ನೂ ಅವರಿಂದಲೇ ಬರೆಸಿದ್ದರಂತೆ. ನಿಜಾಮರ ಆಳ್ವಿಕೆ ಮುಗಿಯಿತು ನೋಡಿ, ಆ ಅಕ್ಷರಕ್ಕೆ ಒಮ್ಮೆಲೇ ಬೆಲೆ ಇಲ್ಲದಂತಾಯಿತು. ಇನ್ನು ಮುಂದೆ ಗುಮಾಸ್ತರಾಗುವವರು ಇಂಗ್ಲಿಷಿನಲ್ಲಿ ಪರೀಕ್ಷೆ ಬರೆಯಬೇಕು, ಆಮೇಲೆ ಸಾಹೇಬರ ಎದುರು ನಿಂತು ಇಂಗ್ಲಿಷಿನಲ್ಲೇ ಉತ್ತರ ಹೇಳಬೇಕು ಎಂದು ಹುಕುಂ ಬಂತು. ಪರೀಕ್ಷೆ ಕೊಪ್ಪಳದಲ್ಲಿ. ಇದ್ದದ್ದು ಒಂಬತ್ತು ಜಾಗ. ಕುಷ್ಟಗಿ, ಗಂಗಾವತಿ, ಯಲಬುರ್ಗ ಎಂದು ಎಲ್ಲ ಕಡೆಯಿಂದ ಗಂಡಸರು ಅರ್ಜಿ ಹಾಕಿದ್ದರು.

ಪರೀಕ್ಷೆ ಪಾಸಾಗದಿದ್ದರೆ ಮಗ ಗಂಗಾವತಿಯ ಅಕ್ಕಿ ಗಿರಣಿಗೆ ಹೋಗುವುದೆಂದು ಮಾವನವರು ತೀರ್ಮಾನಿಸಿದ್ದರು. ಗಿರಣಿಯವರಿಗೆ ಮಾತನ್ನೂ ಕೊಟ್ಟಿದ್ದರು. ನಿಮ್ಮ ಅಜ್ಜ ಮದುವೆಗೆ ಮುಂಚೆ ಒಂದು ಸುಗ್ಗಿಯಲ್ಲಿ ಆ ಗಿರಣಿಯಲ್ಲಿ ದುಡಿದು, ಹೊಟ್ಟಿನ ಧೂಳು ಕುಡಿದು, ಎದೆ ಹಿಡಿದುಕೊಂಡು ತಿರುಗಿ ಬಂದವರು. ನಾನು ಬಂದ ಮೇಲೂ ಮೋಡದ ದಿನಗಳಲ್ಲಿ ಅವರ ಎದೆಯೊಳಗೆ ಸಿಳ್ಳೆ ಹೊಡೆದಂತೆ ಸಪ್ಪಳ ಕೇಳುತ್ತಿತ್ತು. ಮತ್ತೆ ಗಿರಣಿಗೆ ಹೋದರೆ ಆ ಎದೆ ತಡೆಯುವುದಿಲ್ಲ ಎಂದು ನನಗೆ ಗೊತ್ತಿತ್ತು. ಅತ್ತೆಗೂ ಗೊತ್ತಿತ್ತು. ಬಾಯಿಬಿಟ್ಟು ಯಾರೂ ಆಡಲಿಲ್ಲ.

ಗದಗಿನ ಕಡೆ ಶಾಲೆ ಕಲಿಸಿ ಬಂದಿದ್ದ ಮುದುಕ ಮಾಸ್ತರರೊಬ್ಬರು ವಾರಕ್ಕೆರಡು ದಿನ ಬೆಳಿಗ್ಗೆ ನಮ್ಮ ಕಟ್ಟೆಗೆ ಬಂದು ಪಾಠ ಹೇಳತೊಡಗಿದರು. ಅವರು ಕಲಿಸಿದ ಸೂತ್ರ ಇಷ್ಟು: ಒಬ್ಬನೇ ಮಾಡಿದರೆ ಕ್ರಿಯೆಗೆ ಒಂದು ಬಾಲ, ಬಹಳ ಮಂದಿ ಮಾಡಿದರೆ ಬಾಲವಿಲ್ಲ. ನಾನು ಅಥವಾ ನೀನು ಮಾಡಿದರೂ ಬಾಲವಿಲ್ಲ. "ಹೀ ಗೋಸ್. ದೇ ಗೋ. ಐ ಗೋ." ಒಳಗೆ ಜೋಳ ಹಸನು ಮಾಡುತ್ತ ಕೂತ ನನಗೆ ಅದು ಕೇಳಿ ಕೇಳಿ ಪಾಠವಾಯಿತು. ನಿಮ್ಮ ಅಜ್ಜನಿಗೆ ಮಾತ್ರ ಆ ಬಾಲ ಬೇಕಾದಲ್ಲಿ ಉದುರುತ್ತಿತ್ತು, ಬೇಡವಾದಲ್ಲಿ ಅಂಟುತ್ತಿತ್ತು.

ಮಾಸ್ತರರು ಬಾರದ ದಿನ ತಪ್ಪು ಹಿಡಿಯುವವರು ಯಾರು? ಒಂದು ದಿನ ಮಾವನವರು ಹೊಲಕ್ಕೆ ಹೋದ ಮೇಲೆ ನಿಮ್ಮ ಅಜ್ಜ ಪುಸ್ತಕ ತೆಗೆದುಕೊಂಡು ಸೀದಾ ಒಲೆಯ ಹತ್ತಿರ ಬಂದರು.

"ನೀ ಇದನ್ನ ಹಿಡಿ. ನಾ ಹೇಳೂದು ಇದರಾಗ ಇದ್ದಂಗ ಐತೋ ಇಲ್ಲೋ ನೋಡು."

"ನನಗೇನು ಓದಾಕ ಬರ್ತೈತ್ರಿ?"

"ಇಪ್ಪತ್ತಾರ ಅಕ್ಷರ ಅದಾವ. ಕನ್ನಡದಾಗಿನ ಒತ್ತಕ್ಷರ ಕಲತಾಕಿಗೆ ಇವು ಯಾ ಲೆಕ್ಕ?"

ಒಲೆಯ ಮುಂದಿನ ಬೂದಿಯನ್ನು ಹರಡಿ ಕಡ್ಡಿಯಿಂದ ಅಕ್ಷರ ಬರೆದು ತೋರಿಸಿದರು. ಮಕ್ಕಳೇ, ಆ ದಿನಗಳ ಉಮೇದು ಏನೆಂದು ಹೇಳಲಿ! ನೀರು ಸೇದುವಾಗ, ಕಸ ಹೊಡೆಯುವಾಗ, ಎಮ್ಮೆಯ ಮೈ ತೊಳೆಯುವಾಗ ಬಾಯೊಳಗೆ ಅಕ್ಷರಗಳೇ. ಕಣ್ಣಿಗೆ ಬಿದ್ದದ್ದನ್ನೆಲ್ಲ ಇಂಗ್ಲಿಷಿನಲ್ಲಿ ಏನೆನ್ನುತ್ತಾರೆ ಎಂದು ಕೇಳುವ ಹುಚ್ಚು. ಎರಡು ತಿಂಗಳಲ್ಲಿ ನಾನು ಬೆರಳಿಟ್ಟು ನಿಧಾನಕ್ಕೆ ಓದಬಲ್ಲವಳಾದೆ.

ಆಮೇಲೆ ನಮ್ಮ ಅಭ್ಯಾಸಕ್ಕೆ ಒಂದು ಪದ್ಧತಿ ಬಿತ್ತು. ನಾನು ರೊಟ್ಟಿ ಬಡಿಯುವುದು, ಅವರು ವಾಕ್ಯ ಹೇಳುವುದು. ಪುಸ್ತಕ ಹಿಟ್ಟಿನ ಡಬ್ಬಿಗೆ ಒರಗಿ ನಿಂತಿರುತ್ತಿತ್ತು. ವಾಕ್ಯ ಸರಿಯಾದರೆ ಬಿಸಿ ರೊಟ್ಟಿ ಅವರ ಗಂಗಾಳಕ್ಕೆ, ತಪ್ಪಾದರೆ ಬುಟ್ಟಿಗೆ. ತಪ್ಪು ಯಾವುದೆಂದು ನಾನು ಹೇಳುತ್ತಿರಲಿಲ್ಲ, ಅವರೇ ಹುಡುಕಬೇಕು. ಮೊದಲ ದಿನ ಐದು ರೊಟ್ಟಿ ಬುಟ್ಟಿಗೆ ಹೋದವು, ಗಂಗಾಳಕ್ಕೆ ಒಂದು.

ಅತ್ತೆ ಮೊಸರು ಕಡೆಯುತ್ತ ಇದನ್ನೆಲ್ಲ ನೋಡುತ್ತಿದ್ದರು. "ಏನವಾ, ನನ್ನ ಮಗನ್ನ ಉಪವಾಸ ಕೆಡವಿ ನೌಕರದಾರನ್ನ ಮಾಡ್ತಿಯೇನು?" ಎಂದರು.

"ತಪ್ಪು ಹೇಳ್ಯಾರ್ರೀ, ಅತ್ತಿ."

"ತಪ್ಪಿಗೆ ಒಣಾ ರೊಟ್ಟಿನಾರ ಕೊಡು. ಬೆಣ್ಣಿ ಹಚ್ಚಬ್ಯಾಡ."

ಪುಸ್ತಕದ ವಾಕ್ಯ ಮುಗಿದ ಮೇಲೆ ಮನೆಯ ವಾಕ್ಯಗಳು ಬಂದವು. ಬೆಕ್ಕು ಹಾಲು ಕುಡಿಯುತ್ತದೆ. ಎಮ್ಮೆಗಳು ಹುಲ್ಲು ತಿನ್ನುತ್ತವೆ. ಒಂದು ದಿನ ನಿಮ್ಮ ಅಜ್ಜ ತಾಯಿಯ ಕಡೆ ಓರೆಗಣ್ಣಿನಿಂದ ನೋಡಿ, "ಮದರ್ ಸ್ಕೋಲ್ಡ್ಸ್ ಡೇಲಿ" ಎಂದರು. ಅಂದರೆ ಅವ್ವ ದಿನಾ ಬೈಯುತ್ತಾಳೆ ಎಂದು. ಬಾಲ ಸರಿಯಾಗಿಯೇ ಇತ್ತು. ನಗು ನುಂಗಿ ರೊಟ್ಟಿ ಹಾಕಿದೆ.

"ಮದರ್ ಅಂದ್ರ ನಾನಲ್ಲೇನು? ಏನಂದಾ ಅವಾ?" ಎಂದು ಅತ್ತೆ ಕಡಗೋಲು ನಿಲ್ಲಿಸಿದರು.

"ಅವ್ವ ಬೆಣ್ಣಿ ಹಾಕ್ತಾರ ಅಂದ್ರು ನೋಡ್ರಿ."

ಅತ್ತೆ ಹಿಗ್ಗಿ ಅಂಗೈ ತುಂಬ ಬೆಣ್ಣೆ ಹಾಕಿದರು. ಆ ಸುಳ್ಳನ್ನು ನಾನು ಇವತ್ತಿಗೂ ತಿದ್ದಿಲ್ಲ.

ಪರೀಕ್ಷೆ ಹತ್ತಿರ ಬಂದಾಗ ಒಂದು ತೊಡಕು ಕಾಣಿಸಿತು. ಮಾಸ್ತರರು ಸಾಹೇಬರಂತೆ ಗತ್ತಿನಲ್ಲಿ ಕೂತು, ನಿಮ್ಮ ತಂದೆ ಏನು ಮಾಡುತ್ತಾರೆ ಎಂದು ಇಂಗ್ಲಿಷಿನಲ್ಲಿ ಕೇಳಿದರು. ಪಕ್ಕದಲ್ಲೇ ಮಾವನವರು ಎಲೆ ಅಡಿಕೆ ಹಾಕಿಕೊಳ್ಳುತ್ತಿದ್ದರು. ನಿಮ್ಮ ಅಜ್ಜ ಕೈಕಟ್ಟಿ ನಿಂತು, "ಮೈ ಫಾದರ್ ಆರ್ ಫಾರ್ಮರ್. ದೇ ಗೋ ಟು ಫೀಲ್ಡ್" ಎಂದರು.

"ತಮ್ಮಾ, ನಿನಗ ಎಷ್ಟ ಮಂದಿ ಅಪ್ಪಗೋಳು?"

"ಒಬ್ರರಿ."

"ಮತ್ತ ಹೊಲಕ್ಕ ದಂಡ ಹೊಂಟಂಗ ಹೇಳ್ತಿಯಲ್ಲೋ! ಹೀ ಗೋಸ್ ಅನ್ನು."

ನಿಮ್ಮ ಅಜ್ಜ ನೆಲ ನೋಡಿದರು. "ಅಪ್ಪಾರ ಮುಂದ ಹೀ ಅಂದ್ರ ಅವಾ ಅಂದಂಗ ಆಗತೈತ್ರಿ. ನಾಲಿಗಿ ಏಳವಲ್ದು."

ಏನು ವಿಷಯ ಎಂದು ಮಾವನವರು ಕೇಳಿದರು. ಮಾಸ್ತರರು ಬಿಡಿಸಿ ಹೇಳಿದರು. ಮಾವನವರು ಎಲೆಗೆ ಸುಣ್ಣ ಹಚ್ಚುವುದನ್ನು ಬಿಟ್ಟು ಮಗನ ಕಡೆ ತಿರುಗಿದರು. "ಆ ಸಾಹೇಬನ ಮುಂದ ಅವಾ ಅಂತನ ಅನ್ನು. ಹೊರಗ ಬಂದ ಮ್ಯಾಲ ಅವರು ಅನ್ನು. ನಡುವ ಒಂದ ಗಳಿಗಿ ನಾ ಸಣ್ಣಾವ ಆದ್ರ ಏನೂ ಸವದ ಹೋಗೂದಿಲ್ಲ." ಬಾಗಿಲ ಹಿಂದೆ ನಿಂತಿದ್ದ ನಾನು ಸೆರಗು ಬಾಯಿಗೆ ತುರುಕಿಕೊಂಡೆ.

ಪರೀಕ್ಷೆಯಾಯಿತು. ಬಾಯಿ ಪರೀಕ್ಷೆಯಲ್ಲಿ ಸಾಹೇಬರು ಐದು ಪ್ರಶ್ನೆ ಕೇಳಿದರಂತೆ. ಹೇಗೆ ಉತ್ತರಿಸಿದಿರಿ ಎಂದರೆ, "ಸಾಹೇಬರ ಮೀಸಿ ನೆನಪೈತಿ, ಬ್ಯಾರೆ ಏನೂ ನೆನಪಿಲ್ಲ" ಎಂದರು. ಇಪ್ಪತ್ತು ದಿನ ಬಿಟ್ಟು, ಕೊಪ್ಪಳದ ಕಚೇರಿಯ ಗೋಡೆಗೆ ಪಟ್ಟಿ ಹಚ್ಚುತ್ತಾರೆ ಎಂದು ಸುದ್ದಿ ಬಂತು. ಬಸುರಿ ನಾದಿನಿಯ ಕುಬಸಕ್ಕೆ ಸೀರೆ ತರಬೇಕಾಗಿದ್ದರಿಂದ ಅತ್ತೆಯೂ ಹೊರಟರು. ಸೀರೆಯ ಬಣ್ಣ ನೋಡಲೆಂದು ನನ್ನನ್ನೂ ಕರೆದರು.

ದಾರಿಯಲ್ಲಿ ಮೋಟರಿನ ಗಾಲಿಯ ಗಾಳಿ ಹೋಯಿತು. ಕೊಪ್ಪಳ ಮುಟ್ಟಿದಾಗ ಮಧ್ಯಾಹ್ನ ಇಳಿದಿತ್ತು. ಟಾಂಗಾ ನಿಲ್ಲುವ ಕಡೆ ಒಂದು ಬೇವಿನ ಮರವಿತ್ತು. ನಿಮ್ಮ ಅಜ್ಜ ಅದರ ಕೆಳಗೆ ಕೂತವರು ಏಳಲೇ ಇಲ್ಲ.

"ನೀವ ನೋಡಿ ಬರ್ರಿ. ನನ್ನ ಕಣ್ಣಿಗೆ ಕತ್ತಲಿ ಬರಾಕತ್ತೈತಿ."

"ಎದ್ದೇಳೋ ಗಂಡಸ!" ಎಂದು ಅತ್ತೆ ಗದರಿದರು. ಮಗ ಅಲುಗಲಿಲ್ಲ. ಅತ್ತೆ ನನ್ನ ಕೈ ಹಿಡಿದು ಎಳೆದುಕೊಂಡೇ ಹೊರಟರು.

ಪರೀಕ್ಷೆ ಬರೆದವರು ಬೆಳಿಗ್ಗೆಯೇ ನೋಡಿಕೊಂಡು ಹೋಗಿದ್ದರು. ಈಗ ಗೋಡೆಯ ಮುಂದೆ ಇದ್ದವರು ಹಳ್ಳಿಗಳಿಂದ ತಡವಾಗಿ ಬಂದ ಅಪ್ಪಂದಿರು, ಅಣ್ಣಂದಿರು. ಯಾರಿಗೂ ಇಂಗ್ಲಿಷ್ ಬಾರದು. ಬಾಗಿಲಲ್ಲಿದ್ದ ಜವಾನ ಕೈಮುಗಿದು, "ಒಂಬತ್ತು ಹೆಸರು ಮುಂಜಾನಿಂದ ಓದಿ ಓದಿ ನನ್ನ ಗಂಟಲ ಹರದೈತ್ರಿ. ಬಂದೋರು ಓದಿಕೊಳ್ರಿ" ಎಂದು ಒಳಗೆ ಹೋಗಿಬಿಟ್ಟ.

"ನನ್ನ ಸೊಸಿ ಓದ್ತಾಳ" ಎಂದರು ಅತ್ತೆ, ಊರಿಗೆಲ್ಲ ಕೇಳುವಂತೆ.

ಅಷ್ಟು ಗಂಡಸರು ಒಮ್ಮೆಲೇ ತಿರುಗಿದರು. ನಾನು ಸೆರಗು ಮುಂದೆ ಎಳೆದುಕೊಂಡೆ. ಯಾರೋ ದಾರಿ ಬಿಟ್ಟರು. ಮೊದಲನೆಯ ಹೆಸರಿನ ಕೆಳಗೆ ಬೆರಳಿಟ್ಟು ಒಂದೊಂದೇ ಅಕ್ಷರ ಕೂಡಿಸಿ ಓದಿದೆ. ಹಿಂದಿನಿಂದ ಒಬ್ಬ "ನಮ್ಮ ತಮ್ಮ! ನಮ್ಮ ತಮ್ಮ!" ಎಂದು ರುಮಾಲು ಮೇಲಕ್ಕೆ ಎಸೆದ. ಅದನ್ನು ಕೇಳಿ ನನಗೆ ಎಲ್ಲಿಲ್ಲದ ಧೈರ್ಯ ಬಂತು. ಎರಡನೆಯದನ್ನು ಜೋರಾಗಿ ಓದಿದೆ, ಮೂರನೆಯದನ್ನು ಇನ್ನೂ ಜೋರಾಗಿ.

ನಾಲ್ಕನೆಯದಕ್ಕೆ ಬೆರಳು ಇಟ್ಟೆ. ನಿಮ್ಮ ಅಜ್ಜನ ಹೆಸರು.

ಗಂಡನ ಹೆಸರನ್ನು ಬಾಯಿಂದ ಆಡಬಾರದು. ನಾನು ಅದುವರೆಗೆ ಆಡಿರಲಿಲ್ಲ, ಆಮೇಲೂ ಆಡಿಲ್ಲ, ಇಲ್ಲಿಯೂ ಬರೆಯುತ್ತಿಲ್ಲ. ಬಾಯಿ ತೆರೆದೆ, ಉಸಿರಷ್ಟೇ ಬಂತು. ಹಿಂದಿನಿಂದ ಮಂದಿ "ಓದವ್ವಾ, ಮುಂದ ಓದು" ಎಂದು ಅವಸರ ಮಾಡಿದರು. ಗಾಬರಿಯಲ್ಲಿ ಐದನೆಯದಕ್ಕೆ ಹಾರಿದೆ. ಒಂದೇ ಉಸಿರಿನಲ್ಲಿ ಒಂಬತ್ತರವರೆಗೂ ಓದಿ ಮುಗಿಸಿ ತಿರುಗಿದರೆ, ಅತ್ತೆಯ ಮುಖ ಸುಣ್ಣದ ಹಾಗೆ ಬೆಳ್ಳಗಾಗಿತ್ತು.

"ಇಲ್ಲೇನವಾ?" ಎಂದರು, ಇಷ್ಟೇ ದನಿಯಲ್ಲಿ. ಉತ್ತರಕ್ಕೂ ಕಾಯದೆ ತಿರುಗಿ ನಡೆದರು.

ನಾನು ಅವರ ಸೀರೆ ಹಿಡಿದು ಗೋಡೆಯ ಕಡೆಗೆ ಎಳೆಯತೊಡಗಿದೆ. ಅಷ್ಟರಲ್ಲಿ ಕೋಲೂರಿ ನಿಂತಿದ್ದ ಕುಷ್ಟಗಿ ಕಡೆಯ ಒಬ್ಬ ಅಜ್ಜ, "ನಿಲ್ಲ ತಂಗಿ. ಜವಾನ ಒಂಬತ್ತು ಅಂದಿದ್ದ. ನಾ ಬೆರಳ ಮಡಚಿ ಎಣಿಸೀನಿ, ನೀ ಓದಿದ್ದು ಎಂಟ. ನಮ್ಮ ಹುಡಗಂದು ನುಂಗಿದಿ ಏನು?" ಎಂದ.

ನಾನು ಹಿಂದಿರುಗಿ ನಾಲ್ಕನೆಯ ಸಾಲಿನ ಮೇಲೆ ಬೆರಳಿಟ್ಟೆ.

"ಹಾ, ಅದ. ಅದು ಯಾರ್ದು?"

"ಅದು... ನಮ್ಮ ಮನಿಯವರ್ದ್ರಿ."

ಆ ಗಂಡಸರೆಲ್ಲ ಹೋ ಎಂದು ನಕ್ಕರು. ಅತ್ತೆ ಓಡಿ ಬಂದು ನನ್ನ ಬೆನ್ನಿಗೆ ಒಂದು ಗುದ್ದು ಹಾಕಿದರು. "ನಿನ್ನ ನಾಲಿಗಿ ಮಡಿ ಕೆಡಬಾರ್ದಂತ ನನ್ನ ಜೀವಾನ ತಗದಿದ್ದೆಲ್ಲ ಹುಚ್ಚಿ!" ಎನ್ನುತ್ತಲೇ ತಬ್ಬಿಕೊಂಡರು. ತಾಯಿಗೇನು ಅಡ್ಡಿ? ಕಚೇರಿಯ ಅಂಗಳದಲ್ಲಿ ನಿಂತು ಮಗನ ಹೆಸರನ್ನು ಮೂರು ಸಲ ಕೂಗಿದರು. ಆ ಅಜ್ಜ ಮಾತ್ರ ನಗಲಿಲ್ಲ. "ಹಂಗಾದ್ರ ನಮ್ಮವಂದು ಇಲ್ಲ" ಎಂದು ತನಗೆ ತಾನೇ ಹೇಳಿಕೊಂಡು, ನನ್ನ ತಲೆಯ ಮೇಲೆ ಕೈಯಿಟ್ಟು ಹೋದ. ಆ ಕೈಯ ಭಾರ ನನಗೆ ಇನ್ನೂ ಗೊತ್ತಾಗುತ್ತದೆ.

ಬೇವಿನ ಮರದವರೆಗೆ ನಾನು ಓಡಿದೆ. ಪೇಟೆಯ ದಾರಿಯಲ್ಲಿ, ಹಾಡುಹಗಲಿನಲ್ಲಿ, ಸೆರಗು ಹಾರಿಸಿಕೊಂಡು. ಹಿಂದೆ ಅತ್ತೆ ಅಳುತ್ತ ಬರುತ್ತಿದ್ದುದನ್ನು ಕಂಡು ನಿಮ್ಮ ಅಜ್ಜ ಕೆಟ್ಟ ಸುದ್ದಿಯೆಂದೇ ತಿಳಿದು ಮರ ಹಿಡಿದುಕೊಂಡು ನಿಂತರು.

"ನಾಕನೇದು!" ಎಂದೆ. "ನಾಕನೇದು ನಿಮ್ಮದ್ರೀ!"

ಅವರು ನಂಬಲಿಲ್ಲ. ತಾವೇ ಹೋಗಿ ನೋಡಿ ಬಂದರು. ಬಂದವರು ಮತ್ತೊಮ್ಮೆ ನೋಡುತ್ತೇನೆಂದು ಹೋದರು. ಸೀರೆಯ ಅಂಗಡಿಯಲ್ಲಿ ಅತ್ತೆ ಬಣ್ಣವನ್ನೇ ನೋಡದೆ ಮೊದಲು ಕೈಗೆ ಸಿಕ್ಕಿದ್ದನ್ನು ತೆಗೆದುಕೊಂಡರು. ಅದು ನಾದಿನಿಗೆ ಒಂದಿಷ್ಟೂ ಒಪ್ಪಲಿಲ್ಲ.

ಊರು ಮುಟ್ಟಿದ ಕೂಡಲೇ ಮಾವನವರಿಗೆ ಸುದ್ದಿ ಹೇಳಿದೆವು. ಪಟ್ಟಿಯಲ್ಲಿ ಹೆಸರಿಲ್ಲದಿದ್ದರೆ ಮಗ ಸೋಮವಾರ ಗಂಗಾವತಿಯ ಗಿರಣಿಗೆ ಹೊರಡಲೆಂದು ಅವರು ಪಡಸಾಲೆಯ ಮೂಲೆಯಲ್ಲಿ ಒಂದು ಗಂಟು ಕಟ್ಟಿಟ್ಟಿದ್ದರು. ಅದನ್ನು ತಾವೇ ಬಿಚ್ಚಿ, ಒಳಗಿದ್ದ ಎರಡು ಧೋತರ, ಒಂದು ಕಂಬಳಿಯನ್ನು ಝಾಡಿಸಿ ಮತ್ತೆ ಗೂಟಕ್ಕೆ ಹಾಕಿದರು.