ಎರಡು ತೀರ್ಪು, ಒಂದು ಹೆಣ

೧೯೭೫ರ ಚಳಿಗಾಲ. ನಾನಾಗ ನ್ಯೂಜೆರ್ಸಿಯ ಒಂದು ಕೌಂಟಿ ಶವಾಗಾರದಲ್ಲಿ ಪೆಥಾಲಜಿಸ್ಟ್. ಕೊಲೆಯಾದವರ ಹೆಣ ಕೊಯ್ದು ಸಾವಿನ ಕಾರಣ ಬರೆದುಕೊಡುವುದು ನನ್ನ ಕೆಲಸ. ಮೈಸೂರಿನಲ್ಲಿ ವೈದ್ಯಕೀಯ ಓದಿದವನು. ಹೆಣದ ವಿಷಯ ಬಲ್ಲೆ, ಬದುಕಿದವರೊಡನೆ ಮಾತಾಡುವುದು ಅಷ್ಟಕ್ಕಷ್ಟೆ.

ಒಂದು ಶುಕ್ರವಾರ ಬೆಳಿಗ್ಗೆ ಯಹೂದಿ ಅಂಗಡಿಕಾರರೊಬ್ಬರ ಶವ ಬಂತು. ದರೋಡೆಕೋರ ಎದೆಗೆ ಗುಂಡು ಹಾರಿಸಿದ್ದ. ಆರೋಪಿಯೂ ಪಿಸ್ತೂಲೂ ಸಿಕ್ಕಿದ್ದವು. ಗುಂಡು ಆ ಪಿಸ್ತೂಲಿನದೇ ಎಂದು ತೋರಿಸದಿದ್ದರೆ ಅವನು ಪಾರಾಗುತ್ತಿದ್ದ. ಆದರೆ ಅವರ ಧರ್ಮದಲ್ಲಿ ಹೆಣ ಕೊಯ್ಯುವುದು ದೊಡ್ಡ ಅಪಚಾರ. ಸಂಜೆ ಅವರ ವಾರದ ವಿಶ್ರಾಂತಿಯ ದಿನ, ಸಬ್ಬತ್, ಶುರುವಾದರೆ ಮಣ್ಣು ಮಾಡುವಂತೆಯೂ ಇಲ್ಲ.

ಎಂಟು ಗಂಟೆಗೆ ಹಿರಿಯ ಮಗನಿಗೆ ಫೋನ್ ಮಾಡಿ, ಪೂರ್ತಿ ಪೋಸ್ಟ್‌ಮಾರ್ಟಮ್ ಆಗಬೇಕು ಎಂದೆ. ಹತ್ತಕ್ಕೆ ಎಕ್ಸ್-ರೇ ನೋಡಿದರೆ ಗುಂಡು ಬೆನ್ನಿನ ಚರ್ಮದಡಿಯಲ್ಲೇ ನಿಂತಿತ್ತು. ಅಷ್ಟನ್ನೇ ತೆಗೆಯಲು ಮೇಲಧಿಕಾರಿಯನ್ನು ಒಪ್ಪಿಸಿದೆ. ಬಾಗಿಲಲ್ಲಿ ಸಿಕ್ಕ ಕಿರಿಯ ಮಗನಿಗೆ, ಒಂದಿಂಚು ಕೊಯ್ದು ಗುಂಡು ತೆಗೆದರೆ ಸಾಕು ಎಂದೆ. ಅವನೇ ಅಣ್ಣನಿಗೆ ಹೇಳಿಯಾನು ಎಂದುಕೊಂಡು ಕಾಫಿಗೆ ಹೋದೆ.

ಅಣ್ಣ ತನ್ನ ರಬ್ಬಿಯನ್ನು, ಅಂದರೆ ಧರ್ಮಗುರುವನ್ನು, ಕೇಳಿದ. ಅವರು ಕೂಡದು ಎಂದರು. ತಮ್ಮ ಕೇಳಿದ್ದು ಬೇರೆ ರಬ್ಬಿಯನ್ನು. ಕೊಲೆಗಾರ ಇನ್ನೊಬ್ಬನ ಜೀವ ತೆಗೆಯದಂತೆ ತಡೆಯಬೇಕು, ಗುಂಡು ತೆಗೆಸು ಎಂದರು ಅವರು.

ಒಂದು ಗಂಟೆಗೆ ಅಣ್ಣತಮ್ಮ ಶವಾಗಾರದ ಬಾಗಿಲಲ್ಲಿ ಎದುರಾದರು. ಕೊಯ್ಯಲು ನನ್ನ ಒಪ್ಪಿಗೆಯಿದೆ ಎಂದ ತಮ್ಮ. "ಅಪ್ಪನ ಮೈಮೇಲೆ ಚಾಕು ಇಡಿಸ್ತೀಯಾ?" ಎಂದವನೇ ಅಣ್ಣ ಕಬ್ಬಿಣದ ಸ್ಟೂಲ್ ಎತ್ತಿ ತಮ್ಮನ ದವಡೆಗೆ ಬೀಸಿದ. ಮೂಳೆ ಮುರಿದ ಸದ್ದು ನನಗೆ ಕೇಳಿಸಿತು. ಬಿದ್ದವನು ರಕ್ತ ಉಗುಳುತ್ತಲೇ ಅಣ್ಣನ ಕಾಲೆಳೆದು ಕೆಡವಿ, ಅವನ ತಲೆಯನ್ನು ನೆಲಕ್ಕೆ ಕುಟ್ಟಿದ. ಬಿಡಿಸಲು ಹೋದ ನನ್ನ ತುಟಿ ಹರಿಯಿತು. ಸಹೋದ್ಯೋಗಿ, ಧಾರವಾಡದ ಜೋಶಿ, ನನ್ನ ಕೋಟು ಹಿಡಿದು ಜಗ್ಗಿದರು.

"ನಡುವ ಹೋಗಬ್ಯಾಡೋ ಮಾರಾಯಾ, ಪೊಲೀಸರಿಗೆ ಫೋನ್ ಮಾಡೇನಿ."

ಪೊಲೀಸರು ಬಂದು ಇಬ್ಬರನ್ನೂ ಬಿಡಿಸಿದರು.

ಪೊಲೀಸರ ಹಿಂದೆಯೇ ಅಣ್ಣನ ರಬ್ಬಿಯೂ ಬಂದರು, ಎಂಬತ್ತು ದಾಟಿದವರು. ಒಂದೇ ಧರ್ಮದಲ್ಲಿ ಎರಡು ತೀರ್ಪು ಹೇಗೆ ಎಂದು ಸಿಟ್ಟಿನಿಂದಲೇ ಕೇಳಿದೆ. ಅವರು, ನೀವು ಕೇಳಿದ್ದಾದರೂ ಏನು ಎಂದು ಅಣ್ಣತಮ್ಮಂದಿರನ್ನು ವಿಚಾರಿಸಿದರು. ಪೂರ್ತಿ ಕೊಯ್ಯುವುದನ್ನು ಎಂದ ಅಣ್ಣ. ದವಡೆ ಮುರಿದಿದ್ದ ತಮ್ಮನು ಬೆರಳಲ್ಲಿ ಒಂದಿಂಚು ತೋರಿಸಿದ. ಆಮೇಲೆ ರಬ್ಬಿ ನನ್ನ ಕಡೆ ತಿರುಗಿದರು.

"ನಮ್ಮ ಶಾಸ್ತ್ರದಲ್ಲಿ ಬರೆದಿಟ್ಟದ್ದು ಸ್ವಲ್ಪ. ಮಿಕ್ಕಿದ್ದೆಲ್ಲ ಗುರುವಿನ ಬಾಯಿಂದ ಶಿಷ್ಯನ ಕಿವಿಗೆ ಬಂದದ್ದು. ಒಬ್ಬ ಶಿಷ್ಯ ಬೆಳಿಗ್ಗೆ ಕೇಳಿ ಎದ್ದು ಹೋದ, ಇನ್ನೊಬ್ಬ ಆಮೇಲೆ ಬಂದು ಕೇಳಿದ. ಇಬ್ಬರೂ ಸುಳ್ಳು ಹೇಳೋದಿಲ್ಲ, ಆದರೂ ಜಗಳ ಆಗುತ್ತೆ. ಈ ಅಣ್ಣತಮ್ಮ ನಮ್ಮಿಬ್ಬರು ರಬ್ಬಿಗಳ ಮುಂದೆ ಇಟ್ಟದ್ದು ಎರಡು ಬೇರೆ ಹೆಣ. ಇವರಿಗೆ ಹೇಳಿದ್ದು ಯಾರು?"

"ನಾನೇ," ಎಂದೆ.

ಒಂದಿಂಚಿಗೆ ಅವರೂ ಒಪ್ಪಿದರು. ಗುಂಡು ತೆಗೆದೆ, ಅದು ಆ ಪಿಸ್ತೂಲಿನದೇ ಎಂದು ಆಮೇಲೆ ಪರೀಕ್ಷೆಯಲ್ಲಿ ಗೊತ್ತಾಯಿತು. ನಾಲ್ಕು ಗಂಟೆಗೆ ಮಣ್ಣಾಯಿತು. ಗುಂಡಿಯ ಬಳಿ ಮಕ್ಕಳು ಹೇಳಬೇಕಾದ ಪ್ರಾರ್ಥನೆಯನ್ನು ಅಣ್ಣನೊಬ್ಬನೇ, ಪಕ್ಕದಲ್ಲಿ ಪೊಲೀಸಿನವನನ್ನು ಇಟ್ಟುಕೊಂಡು ಹೇಳಿದ. ಆ ಹೊತ್ತಿಗೆ ತಮ್ಮನ ದವಡೆಗೆ ಆಪರೇಷನ್ ಥಿಯೇಟರಿನಲ್ಲಿ ತಂತಿ ಬಿಗಿಯುತ್ತಿದ್ದರು.

ಅಂದಿನಿಂದ ನಿವೃತ್ತಿಯವರೆಗೂ ಮನೆಯವರನ್ನೆಲ್ಲ ಒಂದೇ ಕೋಣೆಯಲ್ಲಿ ಕೂರಿಸಿ, ಎಲ್ಲರಿಗೂ ಒಂದೇ ಸಲ ಹೇಳಿದೆ. ಆ ಹೊಡೆದಾಟವಾದ ವಾರದ ನಂತರ ಕಾಗದಪತ್ರಕ್ಕೆ ಬಂದ ಅಣ್ಣ ಕೇಳಿದ್ದು ಒಂದೇ ಪ್ರಶ್ನೆ: "ನನಗೆ ಇನ್ನೊಂದು ಫೋನ್ ಮಾಡೋಕೆ ಎಷ್ಟು ಹೊತ್ತು ಹಿಡೀತಿತ್ತು?"

ಒಂದು ನಿಮಿಷ ಸಾಕಿತ್ತು ಎಂದೆ. ಅವನು ತಲೆಯಾಡಿಸಿ, ಸಹಿ ಹಾಕಿ ಹೋದ.