ಸ್ವಿಚ್ಚಿಗೆ ಟೇಪು, ಸರದಿಗೆ ಇಲ್ಲ

ಎಲ್ಲಿ ನಿಲ್ಲಬೇಕೆಂದು ಹೇಳದಿದ್ದರೆ ಯಂತ್ರ ನಿಲ್ಲುವುದಿಲ್ಲ. ಇದು ಯಾರಿಗೆ ಗೊತ್ತಿಲ್ಲ? ಟೇಪಣ್ಣನಿಗಂತೂ ಚೆನ್ನಾಗಿ ಗೊತ್ತಿತ್ತು.

ಆ ಅಡ್ಡಹೆಸರು ಇಟ್ಟವನು ಬಣ್ಣ ಬಳಿಯುವವನು. ಮನೆಗೆ ಬಣ್ಣ ಹೊಡೆಸುವ ದಿನ ಈತ, ಬಣ್ಣ ತಾಗದಿರಲೆಂದು, ಎಲ್ಲ ಸ್ವಿಚ್ಚುಗಳ ಸುತ್ತ, ಕಿಟಕಿ ಚೌಕಟ್ಟುಗಳ ಸುತ್ತ ತಾನೇ ಕಾಗದದ ಟೇಪು ಅಂಟಿಸಿದ್ದ. "ನನ್ನ ಬಾಯಿಗೂ ಒಂದು ಅಂಟಿಸಿಬಿಡಿ ಅಣ್ಣಾ" ಎಂದಿದ್ದ ಬಣ್ಣದವನು.

ಇದೇ ಮಹಾಶಯ ಡಯಾಲಿಸಿಸ್ ಕೇಂದ್ರವೊಂದರ ಕಂಪ್ಯೂಟರ್ ನೋಡಿಕೊಳ್ಳುತ್ತಾನೆ. ಅಲ್ಲಿ ರೋಗಿಗಳ ಸರದಿ ತೋರಿಸುವ ಪುಟ ಆಮೆಯಂತೆ ತೆವಳುತ್ತಿತ್ತು. ಕೋಡ್ ಬರೆಯುವ ಎಐ ಏಜೆಂಟಿನ ಕೈಗೆ ಇಡೀ ವ್ಯವಸ್ಥೆಯ ಕೀಲಿ ಕೊಟ್ಟು, "ಬೇಗ ತೆರೆಯೋ ಹಾಗೆ ಮಾಡು" ಎಂದಷ್ಟೇ ಬರೆದು ಊಟಕ್ಕೆ ಎದ್ದುಹೋದ. ಏನನ್ನು ಮುಟ್ಟಬಾರದು, ಎಲ್ಲಿ ನಿಂತು ಕೇಳಬೇಕು ಎಂಬ ಒಂದಕ್ಷರವೂ ಇಲ್ಲ. ಏಜೆಂಟು ಹಳೆಯ ದಿನಾಂಕದ ನಮೂದುಗಳನ್ನೆಲ್ಲ ಅಳಿಸಿತು. ವಾರವಾರ ಬರುವವರ ಸರದಿಯನ್ನು ಮೊದಲ ದಿನ ಒಮ್ಮೆ ಮಾತ್ರ ನಮೂದಿಸುವುದು ಅಲ್ಲಿನ ರೂಢಿ. ಹಳೆಯ ದಿನಾಂಕವಿದ್ದ ಕಾರಣ ಅವೂ ಹೋದವು. ಪುಟವೇನೋ ಥಟ್ಟನೆ ತೆರೆಯಿತು.

ಮರುದಿನ ಕಾಲು ಊದಿಕೊಂಡ ಅಜ್ಜಿಯೊಬ್ಬರು ಬಂದಾಗ, ಪುಟ ಖಾಲಿಯೆಂದು ತೋರಿಸಿದ್ದ ಅವರ ಹಾಸಿಗೆಯಲ್ಲಿ ಬೇರೊಬ್ಬರು ಮಲಗಿದ್ದರು.

"ನನ್ನ ಹೆಸ್ರೆಲ್ಲಿ ಹೋಯ್ತು ಮಗಳೇ? ನಾನಿನ್ನೂ ಹೋಗಿಲ್ವಲ್ಲ!" ಎಂದರು ಅಜ್ಜಿ, ಕೌಂಟರಿನಲ್ಲಿ ಕೂತಿದ್ದಾಕೆಗೆ.

ವ್ಯವಸ್ಥಾಪಕ ಕೌಂಟರಿನಾಕೆಯ ಮೇಲೆ ಹರಿಹಾಯ್ದ. "ಏನ್ರೀ ಒತ್ತಿದ್ರಿ? ನಾಳೆಯಿಂದ ಬರ್ಬೇಡಿ."

"ನಾನೇನೂ ಮುಟ್ಟಿಲ್ಲ ಸಾರ್." ಆಕೆ ಟೇಪಣ್ಣನ ಕಡೆ ತಿರುಗಿದಳು. "ಅಣ್ಣಾ, ನೀವಾದ್ರೂ ಹೇಳಿ."

ಟೇಪಣ್ಣ ಕನ್ನಡಕ ಒರೆಸಿಕೊಂಡ. "ನೋಡ್ಬೇಕು..." ಎಂದ.

ಆಕೆ ಚೀಲ ಎತ್ತಿಕೊಂಡು ಹೊರಟಳು. ಹಾಸಿಗೆಯೊಂದು ಖಾಲಿಯಾಗಲೆಂದು ಅಜ್ಜಿ ಮಧ್ಯಾಹ್ನದವರೆಗೆ ಏದುಸಿರು ಬಿಡುತ್ತ ಬೆಂಚಿನ ಮೇಲೆ ಕಾದರು. ಟೇಪಣ್ಣ ಸದ್ದಿಲ್ಲದೆ ಅಳಿಸುವ ಮೊದಲೇ ಉಳಿಸಿಟ್ಟಿದ್ದ ನಕಲಿನಿಂದ ಹೆಸರುಗಳನ್ನು ವಾಪಸ್ ತಂದ. ಬಾಯಿ ಮಾತ್ರ ಬಿಡಲಿಲ್ಲ.

"ಏಜೆಂಟು ಎಡವಟ್ಟು ಮಾಡ್ತು ಕಣೇ" ಎಂದ, ಮನೆಯಲ್ಲಿ ಹೆಂಡತಿಗೆ.

"ಸ್ವಿಚ್ಚಿಗೆ ಅಂಟಿಸಿದ ಹಾಗೆ ಅದಕ್ಕೂ ಟೇಪು ಅಂಟಿಸಿದ್ರಾ?"

ಟೇಪಣ್ಣ ಕೈಯಲ್ಲಿದ್ದ ತುತ್ತನ್ನು ತಟ್ಟೆಗೇ ಇಳಿಸಿದ. ಗೋಡೆಯ ಸ್ವಿಚ್ಚಿಗೆ ತೋರಿದ ಕಾಳಜಿ ಅಜ್ಜಿಯ ಜೀವಕ್ಕೆ ತೋರಿರಲಿಲ್ಲ.

ಬೆಳಗಾದ ಮೇಲೆ ವ್ಯವಸ್ಥಾಪಕನ ಮುಂದೆ, ಎಲ್ಲರಿಗೂ ಕೇಳುವಂತೆ ತಪ್ಪೊಪ್ಪಿಕೊಂಡ. ಅವನನ್ನು ಒಪ್ಪಿಸಿ, ಕೌಂಟರಿನಾಕೆಗೆ ತಾನೇ ಫೋನ್ ಮಾಡಿ ಮತ್ತೆ ಕೆಲಸಕ್ಕೆ ಕರೆದ.

"ಬರ್ತೀನಿ" ಎಂದಳು ಆಕೆ. "ಆದ್ರೆ ಇನ್ಮೇಲೆ ನಿಮ್ಮನ್ನ ಅಣ್ಣ ಅನ್ನಲ್ಲ ಸಾರ್."

ಈಗಲೂ ಸಾರ್ ಎಂದೇ ಕರೆಯುತ್ತಾಳೆ. ಪ್ರತಿ ಸಲವೂ ಟೇಪಣ್ಣ ತಲೆ ತಗ್ಗಿಸುತ್ತಾನೆ.

ನೀವೂ ನಾಳೆ ಏಜೆಂಟಿಗೆ ಕೆಲಸ ಒಪ್ಪಿಸುವವರೇ. ಏನು ಮುಟ್ಟಬಾರದು, ಎಲ್ಲಿ ನಿಲ್ಲಬೇಕು ಎಂದು ಮೊದಲು ಬರೆಯಿರಿ. ಬರೆಯಲು ಸೋಮಾರಿತನವೇ? ಹಾಗಾದರೆ ಕೀಲಿ ಕೊಡಬೇಡಿ.